ಅರ್ಧ ಇಂಚು ಕಡಿಮೆಯ ಟ್ಯಾಬು

ಟ್ಯಾಬು ಮನೆಗೆ ಬರುವ ಹದಿನೈದು ದಿನ ಮೊದಲೇ ಅದಕ್ಕೆ ಪುರುಸೊತ್ತಿಲ್ಲದಷ್ಟು ಕೆಲಸ ಹಚ್ಚಿಯಾಗಿತ್ತು. ಬೆಳಿಗ್ಗೆ ಮಗಳ ಪಾಠ, ಮಧ್ಯಾಹ್ನ ಅತ್ತೆಯ ತೆಲುಗು ಸೀರಿಯಲ್ಲು, ಸಂಜೆ ನಮ್ಮ ಯಜಮಾನರ ಕ್ರಿಕೆಟ್ಟು. ಮಲಗಿಕೊಂಡು ನೋಡುವಾಗ ಅದನ್ನು ಒರಗಿಸಲು ಅತ್ತೆ ಒಂದು ದಿಂಬನ್ನೂ ಆರಿಸಿ ಇಟ್ಟಿದ್ದರು. ಎದುರು ಮನೆಯವರು ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಹೆಣ್ಣಿನ ಫೋಟೊದಲ್ಲಿ ಮೂಗು ಹೇಗಿದೆಯೆಂದು ದೊಡ್ಡದು ಮಾಡಿ ನೋಡಬೇಕು, ನಿಮ್ಮ ಟ್ಯಾಬಿನಲ್ಲೇ ನೋಡುತ್ತೇವೆ ಎಂದು ಹೇಳಿಟ್ಟಿದ್ದರು. ನಿನಗೇನು ಬೇಕೆಂದು ನನ್ನನ್ನು ಕೇಳಿದಾಗ, "ಒಲಿ ಮುಂದ ಇಟ್ಕಂಡು ಹೊಸಾ ಅಡ್ಗಿ ಕಲಿತೀನ್ರಿ" ಎಂದೆ. ಎಲ್ಲರಿಗೂ ಸಂತೋಷವಾಯಿತು. ಅದು ಹಸಿ ಸುಳ್ಳು.

ನನಗೆ ಆ ಟ್ಯಾಬು ಬೇಕಾಗಿದ್ದದ್ದು ನಮ್ಮವ್ವನಿಗಾಗಿ. ಮಡಕಶಿರಾ ಆಚೆ, ರತ್ನಗಿರಿ ಕಡೆಯ ಹಳ್ಳಿಯಲ್ಲಿ ಅವಳು ಅಣ್ಣನ ಜೊತೆ ಇದ್ದಳು. ಕಿವಿ ಪೂರ್ತಿ ಹೋಗಿ ಆರು ವರ್ಷವಾಗಿತ್ತು. ಎದುರಿಗೆ ಕೂತರೆ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುವ ಹೆಂಗಸು. ಅಣ್ಣನ ಪುಟ್ಟ ಫೋನಿನಲ್ಲಿ ಮಾತ್ರ ನನ್ನ ತುಟಿ ಅವಳ ಮಂದ ಕಣ್ಣಿಗೆ ಹತ್ತುತ್ತಿರಲಿಲ್ಲ. ಕೇಳದ, ಕಾಣದ ಫೋನಿನ ಮುಂದೆ ಅವಳು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಅತ್ತಿಗೆ ನಡುವೆ ನಿಂತು, ಅವ್ವನ ಪರವಾಗಿ, "ಅತ್ತೆ ಚೆನ್ನಾಗವ್ರೆ, ನಿಮ್ಮನ್ನ ಕೇಳುದ್ರು" ಎನ್ನುತ್ತಿದ್ದಳು. ಆರು ವರ್ಷ ಅದೊಂದೇ ಮಾತು. ನನಗೆ ರೋಸಿಹೋಗಿತ್ತು. ಆದರೂ ಹೊಸ ವಸ್ತುವನ್ನು ತವರಿಗೆ ಕೊಡಿ ಎಂದು ಕೇಳಲು ಬಾಯಿ ಬರಲಿಲ್ಲ.

ನಾವು ಗಂಡ ಹೆಂಡತಿ ಇಬ್ಬರೂ ಜೀನ್ಸ್ ಹೊಲಿಯುವವರು. ಕಣೇಕಲ್ಲಿನ ಗದ್ದೆ ಕೂಲಿ ಬಿಟ್ಟು ರಾಯದುರ್ಗದ ಯೂನಿಟ್ಟಿಗೆ ಸೇರಿದ ಮೇಲೆ ನಮ್ಮ ಯಜಮಾನರು ಜಗತ್ತನ್ನೆಲ್ಲ ಟೇಪು ಹಿಡಿದೇ ನೋಡುತ್ತಿದ್ದರು. ಬಳ್ಳಾರಿಯ ಅಂಗಡಿಯವರು ಟ್ಯಾಬು ಹತ್ತು ಇಂಚಿನದು ಎಂದಿದ್ದೇ ತಡ, ಹತ್ತು ಇಂಚು ಅಗಲದ ಮೇಲೆ ಹೊಲಿಗೆಗೆಂದು ಎರಡೂ ಕಡೆ ಅರ್ಧರ್ಧ ಇಂಚು ಹೆಚ್ಚು ಬಿಟ್ಟು ಜೀನ್ಸ್ ಬಟ್ಟೆ ಕತ್ತರಿಸಿ, ಅದಕ್ಕೊಂದು ಚೀಲ ಹೊಲಿದರು. ಹಿಂದೆ ಎರಡು ಜೇಬು, ಬೆಲ್ಟು ತೂರಿಸುವ ಪಟ್ಟಿಗಳು ಬೇರೆ. ಟ್ಯಾಬಿಗೆ ಬೆಲ್ಟು ಯಾಕೆಂದು ನಾನು ಕೇಳಲಿಲ್ಲ.

ಟ್ಯಾಬು ಬಂತು. ಚೀಲಕ್ಕೆ ಇಳಿಸಿದರೆ ಆ ಕಡೆ ಈ ಕಡೆ ಜಾರಿತು. ಯಜಮಾನರು ಕೊರಳಲ್ಲಿದ್ದ ಟೇಪು ತೆಗೆದು ಅಡ್ಡಡ್ಡ ಹಿಡಿದರು. ಒಂಬತ್ತೂವರೆ.

"ಮೋಸ ಮಾಡ್ಯಾರ! ಅರ್ಧ ಇಂಚು ಕಮ್ಮಿ ಐತಿ. ಸೊಂಟ ಅರ್ಧ ಇಂಚು ಕಮ್ಮಿ ಬಂದ್ರ ಪ್ಯಾಂಟು ಯಾರ್ ತಗಂತಾರ?"

"ಡ್ಯಾಮೇಜ್ ಪೀಸ್ ತಂದೀ ಬಿಡಪ" ಎಂದರು ಅತ್ತೆ, ದಿಂಬನ್ನು ಎತ್ತಿಡುತ್ತ.

ಸೋಮವಾರ ಬಳ್ಳಾರಿಗೆ ಹೋಗಿ ಅಂಗಡಿಯವರ ಮುಂದೆ ಎಸೆದು ಬರುತ್ತೇನೆಂದು ಯಜಮಾನರು ಟೇಪನ್ನು ಅಲ್ಲೇ ಬಿಟ್ಟು ಹೊರಗೆ ನಡೆದರು. ನಾನು ಸುಮ್ಮನಿರಲಾರದೆ ಅದೇ ಟೇಪನ್ನು ಚಿತ್ರ ಬರುವ ಗಾಜಿನ ಮೇಲೆ ಓರೆಯಾಗಿ, ಈ ಮೂಲೆಯಿಂದ ಆ ಮೂಲೆಗೆ ಹಿಡಿದೆ. ಸರಿಯಾಗಿ ಹತ್ತು! ಅಂಗಡಿಯವರು ಓರೆಯಾಗಿ ಅಳೆದು ಹೇಳಿದ್ದರು, ಇವರು ಸೊಂಟ ಅಳೆದಂತೆ ಅಳೆದಿದ್ದರು. ಟೇಪು ಸುತ್ತಿಟ್ಟೆ, ಬಾಯಿಗೂ ಬೀಗ ಹಾಕಿಕೊಂಡೆ.

ನಮ್ಮಲ್ಲಿ ಅಳತೆ ತಪ್ಪಿದ ಪ್ಯಾಂಟು ಅಂಗಡಿಗೆ ಹೋಗುವುದಿಲ್ಲ, ನೆಂಟರ ಮನೆಗೆ ಹೋಗುತ್ತದೆ. ನಮ್ಮಣ್ಣ ಒಂದು ಕಾಲು ಗಿಡ್ಡಾದ ಪ್ಯಾಂಟು ತೊಟ್ಟೇ ಎಷ್ಟೋ ವರ್ಷ ಕಡಲೆಕಾಯಿ ಕಿತ್ತಿದ್ದಾನೆ. ಆ ಸಂಜೆ ಯಜಮಾನರಿಗೆ ಚಹಾ ಕೊಡುತ್ತ, ಆದಷ್ಟು ಸಪ್ಪೆ ಮುಖ ಮಾಡಿ ಹೇಳಿದೆ: "ಡಬ್ಬಿ ಬಿಚ್ಚಿದ್ದು ಅವ್ರು ವಾಪಸ್ ತಗಳಲ್ರಿ. ಡ್ಯಾಮೇಜ್ ಪೀಸ್ ಮನ್ಯಾಗ ಯಾಕ? ನಮ್ಮ ತವರಿಗೆ ಕೊಟ್ಟು ಬರ್ತೀನಿ."

"ಕೊಡು, ಕೊಡು" ಎಂದರು ಉದಾರವಾಗಿ. "ಅವ್ರೇನ್ ಅಳದು ನೋಡ್ತಾರ? ನಮಗ ಪೂರಾ ಹತ್ತು ಇಂಚಿಂದ ತರ್ತೀನಿ."

ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಸೋಮವಾರ ಬರುವುದರೊಳಗೆ ಬಸ್ಸು ಬದಲಾಯಿಸಿ ಬದಲಾಯಿಸಿ ಊರು ಮುಟ್ಟಿದೆ. ಕರೆ ಬಂದರೆ ಎಲ್ಲಿ ಒತ್ತಬೇಕೆಂದು ಅತ್ತಿಗೆಗೆ ಕಲಿಸಿ, ಮರುದಿನವೇ ವಾಪಸಾದೆ.

ಭಾನುವಾರ ರಾಯದುರ್ಗದಿಂದ ನನ್ನ ಫೋನಿನಲ್ಲಿ ವಿಡಿಯೊ ಕರೆ ಮಾಡಿದೆ. ಅವ್ವ ಕಾಣಿಸಿದಳು. ಅವಳ ಎದುರಿಗಿದ್ದ ಟ್ಯಾಬಿನಲ್ಲಿ ನನ್ನ ಮುಖ ತಾಟಿನಷ್ಟು ಅಗಲ ಇದ್ದಿರಬೇಕು. ಅವಳು ಕಣ್ಣು ಕಿರಿದು ಮಾಡಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದಳು.

"ಅವ್ವ, ಕಾಣ್ತೀನಾ?" ಎಂದೆ ತುಟಿ ಬಿಡಿಸಿ ಬಿಡಿಸಿ.

"ಕಾಣ್ದೆ ಏನು? ಅದೇನಮ್ಮಿ ನಿನ್ ಹಿಂದೆ ದಾರದ ಚೂರು, ಬಟ್ಟೆ ಚೂರು? ಮನೆಯೋ ತಿಪ್ಪೆಯೋ? ಕಸ ಗುಡ್ಸಕ್ಕೂ ಆಗಲ್ವೇನೇ ನಿಂಗೆ? ಇದನ್ನೇನಾ ನಾನು ಕಲ್ಸಿದ್ದು?"

ಆರು ವರ್ಷ ನನಗೆ ಯಾರೂ ಹಾಗೆ ಬೈದಿರಲಿಲ್ಲ. ಅತ್ತೆಯ ಬೈಗುಳ ಬೇರೆ, ಇದು ಬೇರೆ. ಅತ್ತಿಗೆ ಅಷ್ಟು ವರ್ಷ ಸೋಸಿ ಸೋಸಿ ಕೊಟ್ಟ ಮಾತಿನಲ್ಲಿ ನಮ್ಮವ್ವನೇ ಇರಲಿಲ್ಲ. ನನಗೆ ಅಳು ಬಂತು.

"ಆಮೇಲೆ ಅಳೀವಂತೆ, ಮೊದ್ಲು ಪೊರಕೆ ತಗಾ. ನಾನು ನೋಡ್ತಿರ್ತೀನಿ."

ಫೋನನ್ನು ಮನೆಯ ಹೊಲಿಗೆ ಮಿಷನ್ನಿಗೆ ಒರಗಿಸಿ ಪೊರಕೆ ಹಿಡಿದೆ. ಮೂಲೆ ಬಿಟ್ಟರೆ ಬೆರಳು ತೋರಿಸಿ ಕೂಗುತ್ತಿದ್ದಳು. ಕೋಣೆ ಒಂದೇ, ಹತ್ತು ಮೊಳ ಉದ್ದ, ಬೇಗ ಮುಗಿದುಹೋಯಿತು. ಮುಗಿಯಿತೆಂದರೆ ಅವಳು ಎದ್ದು ಹೋದಾಳೆಂದು, ಗುಡಿಸಿದ ಜಾಗವನ್ನೇ ಬಾಗಿಲಿನಿಂದ ಮತ್ತೊಮ್ಮೆ ಗುಡಿಸತೊಡಗಿದೆ.