ಚಿತೆ ಆರುವ ತನಕ

ಬುವಾ ಅಜ್ಜಿಯನ್ನು ದಹನ ಮಾಡುವ ದಿನ ಪೊಲೀಸ್ ಠಾಣೆಯ ದಾಬ್ ಪ್ರಯೂನ್ ಬೌದ್ಧ ವಿಹಾರಕ್ಕೆ ಬಂದಾಗ ಕಪ್ಪು ಅಂಗಿ ತೊಟ್ಟಿದ್ದ. ಸಾವಿಗೆ ಬರುವವರೆಲ್ಲ ತೊಡುವಂಥದ್ದೇ. ಆದರೂ ಅಡುಗೆ ಚಪ್ಪರದಲ್ಲಿ ಕಳಲೆ ಹೆಚ್ಚುತ್ತಿದ್ದ ನಮಗೆಲ್ಲ ಅವನು ಯಾರನ್ನು ಹಿಡಿಯಲು ಬಂದಿದ್ದಾನೆಂದು ಗೊತ್ತಿತ್ತು.

ಅಜ್ಜಿಯ ಒಬ್ಬನೇ ಮಗ ವೀರಾ. ಹಿಂದೊಮ್ಮೆ, ಮಳೆಗಾಗಿ ಬಾಣಬಿರುಸು ಹಾರಿಸುವ ಹಬ್ಬದಲ್ಲಿ ಕುಡಿದು ಜಗಳಕ್ಕಿಳಿದು ಪಕ್ಕದ ಓಣಿಯ ಹುಡುಗನ ಮುಖಕ್ಕೆ ಬಿದಿರು ಬೀಸಿದ್ದ. ಹುಡುಗನ ಕಣ್ಣೊಂದು ಹೋಯಿತು. ಜಾಮೀನಿನ ಮೇಲೆ ಹೊರಬಂದ ವೀರಾ ವಿಚಾರಣೆಗೆ ಹೋಗಲೇ ಇಲ್ಲ. ಸಮುದ್ರದ ಕಡೆ ಮೀನುದೋಣಿಗಳಲ್ಲಿ ಇದ್ದಾನಂತೆ ಎಂಬ ಸುದ್ದಿಯಷ್ಟೇ ಇತ್ತು. ಈಗ ತಾಯಿ ಸತ್ತಳೆಂದು ಬಂದಿದ್ದ.

ಪ್ರಯೂನ್ ನಮ್ಮ ಕಡೆಯವನೇ, ಗದ್ದೆ ಮಾಡುವವರ ಮನೆಯವನು. ಪೇದೆಯಾಗಿ ಸೇರಿ, ಅಧಿಕಾರಿಯಾಗುವ ಪರೀಕ್ಷೆಯನ್ನು ಬರೆದೂ ಬರೆದೂ ಕೈಬಿಟ್ಟು, ಪೇದೆಗಳಲ್ಲೇ ಹಿರಿಯನಾಗಿ ‘ದಾಬ್’ ಎನಿಸಿಕೊಂಡವನು. ಕಳ್ಳನ ಮನೆಯನ್ನು ಶೋಧಿಸಲು ಹೋದರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡುತ್ತಿದ್ದ. ನಿವೃತ್ತಿಗೆ ಹತ್ತಿರವಾಗಿದ್ದ. ಠಾಣೆಗೆ ಹೊಸದಾಗಿ ಬಂದ ಸಾಹೇಬರು ಚಿಕ್ಕ ವಯಸ್ಸಿನವರು. ತಲೆಮರೆಸಿಕೊಂಡವರನ್ನೆಲ್ಲ ಬೇಗ ಹಿಡಿದು ತೋರಿಸಿ ಎಂದು ಅವರಿಗೂ ಮೇಲಿನಿಂದ ಒತ್ತಡ. ಅವರು ಪ್ರಯೂನನಿಗೆ ಹೇಳಿದ್ದು ಒಂದೇ ಮಾತು: ವೀರಾ ಮಣೆಯ ಮೇಲೆ ಕೂರುವ ಮೊದಲೇ ಹಿಡಿದು ತಾ.

ಮಣೆ ಎಂದರೆ ತಲೆ ಬೋಳಿಸುವ ಮಣೆ. ತಾಯಿಯ ಚಿತೆಯ ಮುಂದೆ ಮಗ ಒಂದು ದಿನದ ಮಟ್ಟಿಗಾದರೂ ಕಾವಿ ಉಟ್ಟು ಭಿಕ್ಕುವಾಗುವುದು ನಮ್ಮಲ್ಲಿ ನಡೆದುಬಂದದ್ದು; ಆ ಪುಣ್ಯ ತಾಯಿಗೆ ಸೇರುತ್ತದೆ. ಕಾವಿ ಉಟ್ಟವನ ಮೈಮೇಲೆ ಪೊಲೀಸರು ಕೈ ಹಾಕುವಂತಿಲ್ಲ. ವಿಹಾರದ ಗುರುಗಳು ಮೊದಲು ಕಾವಿ ಬಿಡಿಸಬೇಕು.

ಪ್ರಯೂನ್ ಬಂದಾಗ ವೀರಾ ಮಣೆಯ ಮೇಲೆ ಕೂತು ಕೈಮುಗಿದಿದ್ದ. ತಲೆಯಲ್ಲಿ ಕೂದಲು ಇನ್ನೂ ಇತ್ತು. ಹಿರಿಯರು ಒಬ್ಬೊಬ್ಬರಾಗಿ ಬಂದು ಒಂದೊಂದು ಎಳೆ ಕತ್ತರಿಸಿ ತಾವರೆ ಎಲೆಯಲ್ಲಿ ಇಡುತ್ತಿದ್ದರು. ಪ್ರಯೂನ್ ಸೀದಾ ಅವನತ್ತ ನಡೆದ. ಅಜ್ಜಿಯ ತಮ್ಮ, ಕಣ್ಣು ಮಂಜಾದ ಮುದುಕ, ನೆಂಟನೇ ಬಂದನೆಂದುಕೊಂಡು ಕತ್ತರಿಯನ್ನು ಅವನ ಕೈಗಿಟ್ಟ.

“ತಗೋಪ್ಪಾ, ನಿಂದೊಂದು ಎಳೆ. ಅವಳ ಕೈಯಡುಗೆ ಉಂಡೋನಲ್ವಾ ನೀನು?”

ಉಂಡಿದ್ದ. ಹೊಸ ಪೇದೆಯಾಗಿದ್ದಾಗ ಬುವಾ ಅಜ್ಜಿಯ ಅಂಗಡಿಯ ಅಂಟಕ್ಕಿ ಅನ್ನ ಅವನಿಗೆ ದಿನದ ಊಟವಾಗಿತ್ತು. ಕೈ ತನ್ನಷ್ಟಕ್ಕೆ ಕತ್ತರಿ ಆಡಿಸಿತು. ಎಳೆಯೊಂದು ಎಲೆಗೆ ಬಿತ್ತು. ಆಮೇಲಷ್ಟೇ ಏನು ಮಾಡಿದೆನೆಂಬುದು ಅವನಿಗೆ ಹೊಳೆದದ್ದು. ಕೂದಲು ಕತ್ತರಿಸಿದವನು ಆ ಪುಣ್ಯದಲ್ಲಿ ಪಾಲುದಾರ. ಅದೇ ಕೈಯಿಂದ ಅವನನ್ನು ಮಣೆಯಿಂದ ಎಳೆಯುವುದು ಹೇಗೆ?

ಕತ್ತರಿಯನ್ನು ಪಕ್ಕದವರಿಗೆ ದಾಟಿಸಿ ನಮ್ಮ ಚಪ್ಪರಕ್ಕೆ ಬಂದ. ಕೂತ, ಎದ್ದ, ನೀರು ಕೇಳಿದ, ಕುಡಿಯದೆ ಇಟ್ಟ. ವೀರಾ ತಲೆ ಬೋಳಿಸಿಕೊಂಡು ಕಾವಿ ಉಟ್ಟಾದ ಮೇಲೆ ಪ್ರಯೂನನ ಫೋನು ಬಡಿದುಕೊಂಡಿತು.

“ಸಾರ್... ಇಲ್ಲ ಸಾರ್, ಕಾವಿ ಉಟ್ಟುಬಿಟ್ಟ... ನಾನಾ? ನಾನು ಇಲ್ಲೇ ಇದ್ದೆ ಸಾರ್.”

ಆ ಕಡೆಯ ಕೂಗು ನಮ್ಮ ಒಲೆಯವರೆಗೂ ಕೇಳಿಸಿತು.

“ಸಂಜೆ ಚಿತೆ ಆದ ಮೇಲೆ ಕಾವಿ ಬಿಡ್ತಾನೆ ಸಾರ್. ಜವಾಬ್ದಾರಿ ನಂದು.”

ಸೌತೆ ಹೆಚ್ಚುತ್ತಿದ್ದ ಲಂಡುವನ್ ನಕ್ಕಳು. “ದಾಬ್ ಅಣ್ಣ, ನಿನ್ ತಲೇನೂ ಬೋಳಿಸ್ಕೊಂಡು ಅವನ ಪಕ್ಕ ಕೂತ್ಬಿಡು. ನಿನ್ನನ್ನೂ ಯಾರೂ ಮುಟ್ಟೋ ಹಾಗಿರಲ್ಲ.”

“ಸುಮ್ನಿರೇ ತಾಯಿ. ನನ್ ಕಷ್ಟ ನಂಗೆ.”

ಮಧ್ಯಾಹ್ನವೆಲ್ಲ ಅವನು ಹಾಗೇ ಸುತ್ತಿದ. ಹಿಂದಿನ ಬಾಗಿಲಿಗೆ ಹೋಗಿ ಗದ್ದೆಯತ್ತ ನೋಡಿದ. ಬೈಕುಗಳ ಸಾಲಿನ ಬಳಿ ನಿಂತ. ಭಿಕ್ಕುಗಳ ಮಂತ್ರ ಶುರುವಾದಾಗ ಎಲ್ಲರೂ ಕಣ್ಣು ಮುಚ್ಚಿದೆವು. ನಾನು ನಡುವೆ ಕಣ್ಣು ಬಿಟ್ಟಾಗ ಅವನು ಕೈ ಮುಗಿದೇ ಇದ್ದ, ಕಣ್ಣು ಮಾತ್ರ ವೀರಾನ ಬೋಳು ತಲೆಯ ಮೇಲೆ ನೆಟ್ಟಿತ್ತು. “ಒಂದು ಸಾವಿಗೂ ನೆಮ್ಮದಿಯಾಗಿ ಅತ್ತಿಲ್ಲ ಅಕ್ಕ,” ಎಂದು ಮುಂದೊಮ್ಮೆ ನನ್ನ ಬಳಿ ಹೇಳಿಕೊಂಡ. “ಎಲ್ಲಿ ಹೋದ್ರೂ ಯಾರನ್ನೋ ನೋಡ್ತಾನೇ ಇರ್ಬೇಕು.”

ಹೆಣದ ಪೆಟ್ಟಿಗೆಗೆ ಕಟ್ಟಿದ ಬಿಳಿ ದಾರ ಹಿಡಿದು ವೀರಾ ಅದರ ಮುಂದೆ ನಡೆದ. ಗಂಧದ ಚಕ್ಕೆಯಿಂದ ಮಾಡಿದ ಹೂವನ್ನು ಚಿತೆಯ ಕಟ್ಟೆಯ ಮೇಲೆ ಇಡಲು ಊರೆಲ್ಲ ಸಾಲುಗಟ್ಟಿತು. ಆ ಸಾಲಿನಲ್ಲಿ ಖಿಯಾವ್ ಕೂಡ ಇದ್ದಳು, ಕಣ್ಣು ಕಳೆದುಕೊಂಡ ಹುಡುಗನ ತಾಯಿ. ಹೂವಿಟ್ಟು, ಸತ್ತವಳಿಗೆ ಕೈಮುಗಿದು, ಮೆಟ್ಟಿಲಿಳಿದು ಪ್ರಯೂನನ ಎದುರು ನಿಂತಳು.

“ದಾಬ್, ಅವನ ತಾಯಿಗೆ ಪುಣ್ಯ ಸಿಗ್ಲಿ. ಬೇಡ ಅನ್ನಲ್ಲ. ನನ್ ಮಗ ಮಾತ್ರ ಇವತ್ತೂ ಮನೆಯಿಂದ ಆಚೆ ಬರ್ಲಿಲ್ಲ.”

ಅಷ್ಟೇ ಹೇಳಿ ಹೋದಳು.

ಬೆಂಕಿ ಹತ್ತಿತು. ಬಿಸಿಲು ಇಳಿಯುವ ಹೊತ್ತಿಗೆ ಜನ ಕರಗಿದರು. ವೀರಾ ಗುರುಗಳ ಮುಂದೆ ಮಂಡಿಯೂರಿದ. ಕಾವಿ ಬಿಡುವ ಮಾತು ಹೇಳಬೇಕಿತ್ತು, ಹೇಳಲಿಲ್ಲ.

“ಗುರುಗಳೇ, ನಾನು ಇಲ್ಲೇ ಇರ್ತೀನಿ. ಮಳೆಗಾಲ ಕಳೆಯೋ ತನಕನಾದ್ರೂ.”

ನೆಂಟರ ಮುಖ ಅರಳಿತು. ಪ್ರಯೂನನ ಮುಖ ಬೂದಿಯಾಯಿತು. ಗುರುಗಳು ವಯಸ್ಸಾದವರು, ಮಾತು ಕಡಿಮೆ. ವೀರಾನನ್ನು ಬಿಟ್ಟು ಪ್ರಯೂನನತ್ತ ತಿರುಗಿದರು.

“ನೀನೇನಂತೀಯ?”

ಇರಲಿ ಬಿಡಿ ಎಂದರೆ ಆಗಿಹೋಗುತ್ತಿತ್ತು. ಗುರುಗಳು ಬಿಡಿಸಲಿಲ್ಲ ಎಂದು ಸಾಹೇಬರಿಗೆ ಹೇಳಬಹುದಿತ್ತು. ಊರಿನವರ ಬಾಯಲ್ಲಿ ಒಳ್ಳೆಯವನೂ ಆಗಬಹುದಿತ್ತು. ಪ್ರಯೂನ್ ನೆಲಕ್ಕೆ ಹಣೆ ಮುಟ್ಟಿಸಿ ಮೂರು ಸಲ ನಮಸ್ಕರಿಸಿದ.

“ತಾಯಿಗೋಸ್ಕರ ಉಟ್ಟಿದ್ದು ಮುಗೀತು ಗುರುಗಳೇ. ಇನ್ನು ಮೇಲೆ ಉಡೋದು ಅಡಗಿಕೊಳ್ಳೋಕೆ. ಬಿಡಿಸಿ.”

“ಥೂ! ಕೂದಲು ಕತ್ತರಿಸಿದ ಕೈಯಲ್ಲೇ ಕಾವಿ ಕೀಳಿಸ್ತೀಯಾ?” ಅಜ್ಜಿಯ ತಮ್ಮ ಕೂಗಿದ. “ಅವಳ ಅನ್ನ ಮೈಗೆ ಹತ್ಲಿಲ್ವೇನೋ ನಿಂಗೆ?”

ಗುರುಗಳು ವೀರಾನ ಹೆಗಲ ಮೇಲಿನ ಬಟ್ಟೆ ತೆಗೆದರು. ವೀರಾ ಮಕ್ಕಳ ಹಾಗೆ ಬಿಕ್ಕಿದ. “ನಾಳೆ ಅಮ್ಮನ ಮೂಳೆ ಯಾರಣ್ಣ ಆರಿಸ್ತಾರೆ? ನಾನೊಬ್ನೇ ಮಗ.”

“ನೀನೇ ಆರಿಸ್ತೀಯ. ನಡಿ.”

ಆ ಮಾತನ್ನು ಯಾವ ಧೈರ್ಯದ ಮೇಲೆ ಕೊಟ್ಟನೋ ಅವನಿಗೇ ಗೊತ್ತಿರಲಿಲ್ಲ. ಠಾಣೆಯಲ್ಲಿ ಸಾಹೇಬರು ಹಿಡಿದು ತಂದದ್ದಕ್ಕೆ ಬೆನ್ನು ತಟ್ಟಿದರು. ಬೆಳಿಗ್ಗೆ ವಿಹಾರಕ್ಕೆ ಕರೆದೊಯ್ಯಲು ಕೇಳಿದಾಗ ಮಾತ್ರ ನಕ್ಕುಬಿಟ್ಟರು. “ಓಡಿಹೋದೋನನ್ನ ಮತ್ತೆ ಬಯಲಿಗೆ ಬಿಡ್ತೀಯೇನಯ್ಯಾ? ಬೆಳಿಗ್ಗೆ ಸೀದಾ ನ್ಯಾಯಾಲಯಕ್ಕೆ.”

ಬೆಳಗಾಯಿತು. ನಾವು ಚಿತೆಯ ಬಳಿ ಗಂಧದ ನೀರು, ಬಿಳಿ ಬಟ್ಟೆ ಇಟ್ಟುಕೊಂಡು ಕಾಯುತ್ತಿದ್ದೆವು. “ಇನ್ನು ಯಾರೂ ಬರಲ್ಲ, ಶುರು ಮಾಡಿ,” ಎಂದ ಅಜ್ಜಿಯ ತಮ್ಮ. ಆಗ ಠಾಣೆಯ ವಾಹನ ಒಳಗೆ ಬಂತು. ನ್ಯಾಯಾಲಯದ ದಾರಿ ಇದಲ್ಲ. ಪ್ರಯೂನ್ ಯಾರನ್ನೂ ಕೇಳದೆ ತಿರುಗಿಸಿಕೊಂಡು ಬಂದಿದ್ದ. ವೀರಾನ ಎಡಗೈಗೂ ಪ್ರಯೂನನ ಬಲಗೈಗೂ ಒಂದೇ ಕೋಳ.

ಹತ್ತಿರ ಬಂದಾಗ ಮುದುಕ ಅದನ್ನು ನೋಡಿ ಮುಖ ತಿರುಗಿಸಿದ. ಯಾರೂ ಬಾ ಎನ್ನಲಿಲ್ಲ. ಆದರೆ ಎಲ್ಲರೂ ಜಾಗ ಬಿಟ್ಟರು.

ಬೂದಿಯ ಮೇಲೆ ಮೂಳೆಗಳನ್ನು ಮನುಷ್ಯರ ಆಕಾರದಲ್ಲಿ ಜೋಡಿಸಬೇಕು. ಮೊದಲು ತಲೆ ಪಡುವಣಕ್ಕೆ, ಆಮೇಲೆ ಎಲ್ಲವನ್ನೂ ತಿರುಗಿಸಿ ಮೂಡಣಕ್ಕೆ, ಮತ್ತೆ ಹುಟ್ಟಿಬರಲಿ ಎಂದು. ಅದಕ್ಕೆ ಎರಡು ಕೈಯೂ ಬೇಕು. ವೀರಾನ ಎಡಗೈ ಹೋದಲ್ಲೆಲ್ಲ ಪ್ರಯೂನನ ಬಲಗೈ ಹೋಯಿತು. ವೀರಾ ಬಗ್ಗಿದರೆ ಅವನೂ ಬಗ್ಗಿದ. ಬಿಸಿ ಬೂದಿ ಇಬ್ಬರ ಮೊಣಕೈವರೆಗೂ ಹತ್ತಿತು.

“ಕೋಳ ಬಿಚ್ಚಿಬಿಡಣ್ಣ,” ಎಂದು ಲಂಡುವನ್ ಪಿಸುಗುಟ್ಟಿದಳು. “ಎಲ್ಲಿಗೋಗ್ತಾನೆ ಪಾಪ.”

“ಬಿಚ್ಚಲ್ಲಮ್ಮ,” ಎಂದ ಪ್ರಯೂನ್. “ಇವನು ಓಡಲ್ಲ ಅಂತ ನಂಗೂ ಅನ್ಸುತ್ತೆ. ಆದ್ರೆ ಖಿಯಾವ್‌ಗೆ ಏನಂತ ಹೇಳ್ಲಿ?”

ತಲೆಯ ಮೂಳೆಯನ್ನು ಮೂಡಣಕ್ಕೆ ಇಟ್ಟು ವೀರಾ ಗಂಧದ ನೀರು ಎರೆದ. ಇಬ್ಬರೂ ಒಟ್ಟಿಗೆ ಎದ್ದು ವಾಹನ ಹತ್ತಿದರು.

ದಾರಿ ಬದಲಿಸಿದ್ದಕ್ಕೆ ವಿಚಾರಣೆಯಾಯಿತು. ನಿವೃತ್ತಿಯ ತನಕ ಅಲ್ಲೇ ಇರಲೆಂದು ಪ್ರಯೂನನನ್ನು ಸಂತೆಯ ಕೂಡುರಸ್ತೆಯಲ್ಲಿ ವಾಹನ ತಡೆಯಲು ನಿಲ್ಲಿಸಿದರು. ಅಜ್ಜಿಯ ತಮ್ಮನನ್ನು ಕೂರಿಸಿಕೊಂಡ ಎತ್ತಿನಗಾಡಿ ಬಂದಾಗಲೆಲ್ಲ ಅವನು ಉಳಿದದ್ದನ್ನು ನಿಲ್ಲಿಸಿ ದಾರಿ ಕೊಡುತ್ತಾನೆ. ಮುದುಕ ಈವತ್ತಿಗೂ ಅವನತ್ತ ನೋಡದೆ ಹೋಗುತ್ತಾನೆ.