ಕಟ್ಟಿಸಿಕೊಂಡ ಮೂರನೆಯ ಪಾಲು

ಕಳೆದ ತಿಂಗಳು ಇಲ್ಲಿ, ಅಮೆರಿಕದ ಮಾರಿಸ್‌ಟೌನಿನಲ್ಲಿ, ಮಧ್ಯಾಹ್ನದ ಬಿಡುವಿಗೆಂದು ಆಫೀಸಿನಿಂದ ಹೊರಗೆ ಬಂದಾಗ, ರಸ್ತೆಯ ಮೂಲೆಯಲ್ಲಿ ಹೊಸದಾಗಿ ನಿಂತಿದ್ದ ತಿಂಡಿಯ ಗಾಡಿಯಿಂದ ಒಂದು ವಾಸನೆ ಬಂತು. ಕಡಲೆಹಿಟ್ಟು ಕಾದ ತಾಮ್ರದ ಮೇಲೆ ಇನ್ನೇನು ಸೀಯುತ್ತದೆ ಅನ್ನುವಾಗಿನ ವಾಸನೆ. ಬಜ್ಜಿಯದಲ್ಲ, ಬಜ್ಜಿಯಲ್ಲಿ ಇಂಗು ಇರುತ್ತದೆ. ಇದರಲ್ಲಿ ಆಲಿವ್ ಎಣ್ಣೆಯೂ ದಪ್ಪಗೆ ಕುಟ್ಟಿದ ಮೆಣಸೂ ಇತ್ತು. ಮೀಟಿಂಗಿಗೆ ತಡವಾಗುತ್ತದೆ ಎಂದು ಗೊತ್ತಿದ್ದೂ ಅಲ್ಲೇ ನಿಂತುಬಿಟ್ಟೆ. ನೀಸ್ ಎಂಬ ಫ್ರೆಂಚ್ ಊರಿನ ಒಂದು ಬೇಸಿಗೆಯೂ, ಓಲ್ಡ್ ಬ್ರಿಡ್ಜ್ ಎಂಬ ನಮ್ಮ ಊರಿನಲ್ಲಿ ಪಕ್ಕದ ಮನೆಯಲ್ಲಿದ್ದ ಆಂಟಿಯೂ ಒಟ್ಟೊಟ್ಟಿಗೇ ನೆನಪಿಗೆ ಬಂದರು.

ಆಂಟಿ ಮೈಸೂರಿನವರು. ಇಲ್ಲಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಬಹಳ ಕಾಲ ಕೆಲಸ ಮಾಡಿ ರಿಟೈರ್ ಆಗಿದ್ದರು. ಅಂಕಲ್ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಸಿಯಾಟಲ್‌ನಲ್ಲಿ. ನಮ್ಮ ಟೌನ್‌ಹೌಸುಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯ ಒಗ್ಗರಣೆ ಚಟಪಟ ಅಂದದ್ದು ನನಗೆ ಕೇಳುತ್ತಿತ್ತು, ನನ್ನ ಮಗ ಹೋಮ್‌ವರ್ಕಿಗೆ ರಂಪ ಮಾಡಿದ್ದು ಅವರಿಗೆ ಕೇಳುತ್ತಿತ್ತು. ಇಷ್ಟು ಹತ್ತಿರವಿದ್ದರೂ ಅವರ ಬಗ್ಗೆ ಒಂದು ವಿಷಯ ಮಾತ್ರ ನನಗಾಗಲಿ ಬೇರೆ ಯಾರಿಗಾಗಲಿ ಅರ್ಥವಾಗಿರಲಿಲ್ಲ. ಪ್ರತಿ ಬೇಸಿಗೆ ಅವರು ಒಬ್ಬರೇ ನೀಸ್‌ಗೆ ಹೋಗುತ್ತಿದ್ದರು.

ಯಾಕೆ ಎಂದು ಕೇಳಿದರೆ, "ಅಲ್ಲಿ ಊಟ ಚೆನ್ನಾಗಿರತ್ತೆ ಕಣೇ. ಸಮುದ್ರ ಇದೆ. ಆರಾಮಾಗಿ ಇದ್ದು ಬರ್ತೀನಿ," ಅನ್ನುತ್ತಿದ್ದರು.

ಊಟ! ಬಿಸ್ಕತ್ತಿನ ಪೊಟ್ಟಣವನ್ನು ತಿರುವಿ ಮುರುವಿ, ಮೊಟ್ಟೆ ಇದೆಯೇ ಎಂದು ಓದದೆ ಒಂದು ಚೂರನ್ನೂ ಬಾಯಿಗೆ ಹಾಕದ ಹೆಂಗಸು ಮೀನು ಮಾಂಸದ ಊರಿಗೆ ಊಟಕ್ಕೆಂದು ಹೋಗುತ್ತಾರೆಂದರೆ ಯಾರು ನಂಬುತ್ತಾರೆ? ಫ್ಲಶಿಂಗ್ ಊರಿನ ದೇವಸ್ಥಾನಕ್ಕೆ ನಾವು ಹೆಂಗಸರು ಕಾರ್‌ಪೂಲ್ ಮಾಡಿಕೊಂಡು ಹೋಗುವಾಗ, ಆಂಟಿ ಇಲ್ಲದ ದಿನ, ಅದೇ ಮಾತು. ಅಲ್ಲಿ ಯಾರೋ ಇರಬೇಕು ಅಂತ ಒಬ್ಬರು. ಇದ್ದರೆ ಇರಲಿ ಬಿಡಿ ಅಂತ ಇನ್ನೊಬ್ಬರು, ಆದರೆ ಹಾಗನ್ನುವಾಗ ಅವರ ದನಿಯೂ ಇಳಿಯುತ್ತಿತ್ತು. ಒಂದು ಫೋಟೋ ಕೂಡ ತೋರಿಸುವುದಿಲ್ಲವಲ್ಲ ಎಂಬುದು ಎಲ್ಲರ ತಕರಾರು. ನನ್ನ ಅನುಮಾನಕ್ಕೆ ಬೇರೆಯದೇ ಕಾರಣವಿತ್ತು. ಒಮ್ಮೆ ಅವರ ಸೂಟ್‌ಕೇಸ್ ಮುಚ್ಚಲು ಸಹಾಯಕ್ಕೆ ಹೋಗಿದ್ದೆ. ಬಟ್ಟೆ ಒಂದು ಮೂಲೆಯಲ್ಲಿ ಮುದುಡಿಕೊಂಡಿತ್ತು. ಉಳಿದದ್ದೆಲ್ಲ ಸಾರಿನ ಪುಡಿ, ಹುಳಿಪುಡಿ, ಗೊಜ್ಜವಲಕ್ಕಿ, ಮಾವಿನಕಾಯಿ ಉಪ್ಪಿನಕಾಯಿ. ಫ್ರೆಂಚ್ ಊಟಕ್ಕೆ ಹೋಗುವವರಿಗೆ ಇಷ್ಟು ಸಾರಿನ ಪುಡಿ ಯಾಕೆ? ಕೇಳಲಿಲ್ಲ. ಅವರೂ ಹೇಳಲಿಲ್ಲ.

ಒಂದು ವರ್ಷ ನನ್ನ ಗಂಡ ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದ. ನನಗೆ ಅಷ್ಟು ರಜೆ ಇರಲಿಲ್ಲ. "ಒಂದು ವಾರ ನನ್ನ ಜೊತೆ ಬಾ," ಅಂದರು ಆಂಟಿ. ಬರುತ್ತೇನೆ ಅಂದೆ. ಮರುದಿನವೇ ಅವರ ಮಗಳ ಫೋನು. ಅವಳು ಮಾತಾಡುವುದು ಇಂಗ್ಲಿಷಿನಲ್ಲಿ; ಕನ್ನಡ ಅವಳಿಗೆ ಅಮ್ಮ ಬೈದಾಗ ಅರ್ಥವಾಗುವಷ್ಟು ಮಾತ್ರ. ಅಮ್ಮ ಅಲ್ಲಿ ಯಾರನ್ನೋ ನೋಡಲು ಹೋಗುತ್ತಾಳೆ, ನನಗೆ ಖಾತ್ರಿ, ಒಳ್ಳೆಯವನೋ ಅಲ್ಲವೋ ಅಷ್ಟು ತಿಳಿದರೆ ಸಾಕು, ನೀವು ಸ್ವಲ್ಪ ನೋಡುತ್ತೀರಾ ಎಂದು ಕೇಳಿದಳು. ನೋಡುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ನನಗೂ ನೋಡಬೇಕಿತ್ತು.

ನೀಸ್ ನಾನು ಎಣಿಸಿದ್ದಕ್ಕಿಂತ ಹಗುರಾದ ಊರು. ಹಳದಿ, ಕಾವಿ ಬಣ್ಣದ ಗೋಡೆಗಳು, ಹಸಿರು ಕಿಟಕಿ ಬಾಗಿಲುಗಳು, ಮರಳಿಲ್ಲದ, ಬರೀ ನುಣುಪು ಕಲ್ಲಿನ ಕಡಲ ದಂಡೆ. ಬೆಳಿಗ್ಗೆ ಆಂಟಿಯ ಜೊತೆ ಹೂವು ತರಕಾರಿಯ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ಅವರು ಬೇರೆಯೇ ಹೆಂಗಸಾಗಿದ್ದರು. ಪೀಚ್ ಹಣ್ಣನ್ನು ಮೂಸಿ ಆರಿಸುವರು, ತಪ್ಪು ತಪ್ಪು ಫ್ರೆಂಚಿನಲ್ಲಿ ಚೌಕಾಸಿ ಮಾಡುವರು. ಸೊಕ್ಕಾ ಎಂಬ ಕಡಲೆಹಿಟ್ಟಿನ ದೊಡ್ಡ ದೋಸೆಯನ್ನು ಅಂಗಡಿಯವರು ಚೂರು ಚೂರು ಮಾಡಿ ಕಾಗದದಲ್ಲಿ ಕೊಡುತ್ತಿದ್ದರು; ಬೆರಳು ಸುಡುವಾಗಲೇ ತಿನ್ನಬೇಕು. ಈರುಳ್ಳಿಯನ್ನು ಬೆಲ್ಲದಷ್ಟು ಸಿಹಿಯಾಗುವವರೆಗೆ ಬಾಡಿಸಿ ರೊಟ್ಟಿಯ ಮೇಲೆ ಹರಡಿದ್ದನ್ನು ಮೀನು ಹಾಕದೆಯೇ ಕೊಡುವ ಅಂಗಡಿ ಅವರಿಗೆ ಗೊತ್ತಿತ್ತು. ನಿಜಕ್ಕೂ ಊಟ ಚೆನ್ನಾಗಿತ್ತು. ನನ್ನ ಅನುಮಾನ ಕರಗಿಹೋಗಬೇಕಿತ್ತು…

ಕರಗಲಿಲ್ಲ, ಯಾಕೆಂದರೆ ಆಂಟಿ ಏನನ್ನು ಕೊಂಡರೂ ಮೂರು ಪಾಲು ಕೊಳ್ಳುತ್ತಿದ್ದರು. ಎರಡು ಅಲ್ಲೇ ತಿನ್ನುವುದು, ಮೂರನೆಯದನ್ನು ಕಟ್ಟಿಸಿಕೊಳ್ಳುವುದು. "ಸಾಯಂಕಾಲ ಹಸಿವಾದ್ರೆ ಬೇಕಾಗತ್ತೆ," ಅನ್ನುವರು. ಸಾಯಂಕಾಲ ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಫ್ರಿಜ್ ತೆರೆದರೆ ಆ ಪೊಟ್ಟಣ ಇರುತ್ತಿರಲಿಲ್ಲ. ಮಧ್ಯಾಹ್ನವಾದರೆ ಸಾಕು, "ನೀನು ಬೀಚಿಗೆ ಹೋಗು, ನಾನು ಮಲಗ್ತೀನಿ," ಎಂದು ನನ್ನನ್ನು ಹೊರಗೆ ಅಟ್ಟುತ್ತಿದ್ದರು. ಮಲಗಿ ಎದ್ದವರ ಮುಖವಲ್ಲ ಅದು, ನಾನು ಮರಳಿ ಬಂದಾಗ ಕಾಣುತ್ತಿದ್ದದ್ದು.

ಒಂದು ಮಧ್ಯಾಹ್ನ ಬೀಚಿಗೆಂದು ಹೊರಟವಳು ಎದುರಿನ ಕಾಫಿ ಅಂಗಡಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಆಂಟಿ ಹೊರಗೆ ಬಂದರು. ಸೀರೆ ಉಟ್ಟಿದ್ದರು. ನೀಸ್‌ಗೆ ಬಂದಾಗಿನಿಂದ ಪ್ಯಾಂಟು ಕುರ್ತಾದಲ್ಲಿದ್ದವರು ಈಗ ನೀಲಿ ಅಂಚಿನ ನೂಲಿನ ಸೀರೆಯಲ್ಲಿ, ಕೈಯಲ್ಲಿ ಚೀಲ ಹಿಡಿದು, ಹಳೆಯ ಪೇಟೆಯ ಓಣಿಗಳಲ್ಲಿ ಒಮ್ಮೆಯೂ ದಾರಿ ಹುಡುಕದೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ಒಂದು ಹಳೆಯ ಕಟ್ಟಡದೊಳಗೆ ಅವರು ಹೋದ ಮೇಲೆ ಎದುರಿನ ಗೋಡೆಗೆ ಒರಗಿ ನಿಂತೆ. ಮಗಳಿಗೆ ಏನು ಹೇಳುವುದು, ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗ ಮೇಲಿನ ಕಿಟಕಿಯಿಂದ ಒಬ್ಬ ಗಂಡಸಿನ ದನಿ ಕೇಳಿತು.

"ಉಪ್ಪು ಕಮ್ಮಿ ಆಗಿದೆ ಪುಟ್ಟಿ."

ಕನ್ನಡ. ಆ ಓಣಿಯಲ್ಲಿ, ಆ ಬಿಸಿಲಲ್ಲಿ. ನಾನು ತಲೆ ಎತ್ತುವುದಕ್ಕೂ ಆಂಟಿ ಕಿಟಕಿಗೆ ಬರುವುದಕ್ಕೂ ಸರಿಹೋಯಿತು. ಅವರಿಗೆ ಆಶ್ಚರ್ಯವೇನೂ ಆದ ಹಾಗಿರಲಿಲ್ಲ. "ಬಿಸಿಲಲ್ಲಿ ಯಾಕೆ ನಿಂತಿದ್ದೀಯ, ಮೇಲೆ ಬಾ," ಅಂದರು.

ಅವರು ಆಂಟಿಯ ಅಣ್ಣ. ಹರೆಯದಲ್ಲಿ ಓದಲು ಫ್ರಾನ್ಸಿಗೆ ಬಂದು, ಅಲ್ಲಿಯ ಹೆಣ್ಣನ್ನೇ ಮದುವೆಯಾದವರು. ಮೈಸೂರಿನ ಮನೆಯಲ್ಲಿ ಅವರ ಹೆಸರು ಎತ್ತುವುದೇ ನಿಂತುಹೋಗಿತ್ತು. ಅಂಕಲ್ ಕೂಡ ಆ ಸಂಬಂಧ ಬೇಡವೆಂದವರೇ. ಹಾಗಾಗಿ ಆಂಟಿ ಅಮೆರಿಕಕ್ಕೆ ಬಂದು, ಮಗಳನ್ನು ಹೆತ್ತು ಬೆಳೆಸಿ, ಎಲ್ಲರಿಗೂ ತನಗೆ ಒಡಹುಟ್ಟಿದವರು ಯಾರೂ ಇಲ್ಲ ಎಂದೇ ಹೇಳಿಕೊಂಡು ಬಂದಿದ್ದರು. ಅಂಕಲ್ ಹೋದ ಮೇಲೆ ಒಂದು ದಿನ ಫ್ರಾನ್ಸಿನಿಂದ ಫೋನು. ಅಣ್ಣನಿಗೆ ಸ್ಟ್ರೋಕ್ ಆಗಿತ್ತು. ಜೀವ ಉಳಿದಿತ್ತು, ಫ್ರೆಂಚ್ ಉಳಿದಿರಲಿಲ್ಲ. ಇಂಗ್ಲಿಷೂ ಹೋಗಿತ್ತು. ಬಾಯಿಗೆ ಬರುತ್ತಿದ್ದದ್ದು ಕನ್ನಡ ಒಂದೇ, ಅದು ಅವರ ಹೆಂಡತಿಗೆ ಒಂದಕ್ಷರವೂ ಗೊತ್ತಿಲ್ಲ. ಯಾರ ಯಾರ ಮೂಲಕವೋ ಹುಡುಕಿ ಆಕೆ ಆಂಟಿಯನ್ನು ಹಿಡಿದಿದ್ದರು, ಗಂಡ ಏನು ಹೇಳುತ್ತಿದ್ದಾರೆ ಎಂದು ಕೇಳಲು.

ಊಟದ ಮೇಜಿನ ಮೇಲೆ ನಮ್ಮ ಬೆಳಗಿನ ಮೂರನೆಯ ಪಾಲು ಇತ್ತು. ಪಕ್ಕದಲ್ಲಿ ಆಂಟಿ ಮಾಡಿದ ಸಾರು. ಅಣ್ಣನ ಹೆಂಡತಿ, ಆಂಟಿಯ ಅತ್ತಿಗೆ, ಕುಂಬಳದ ಜಾತಿಯ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿದು ತಂದಿಟ್ಟರು. ಎತ್ತರದ, ನೆರೆಗೂದಲಿನ, ನಗದ ಹೆಂಗಸು. ಅಣ್ಣ ಒಂದು ಹೂವನ್ನು ಎಡಗೈಯಲ್ಲಿ ತೆಗೆದುಕೊಂಡು ಹೆಂಡತಿಯ ಕಡೆ ನೋಡಿ, "ಈಯಮ್ಮ ಯಾರು ಪುಟ್ಟಿ? ನಾವು ಮನೆಗೆ ಹೋಗೋಣ, ಅಮ್ಮ ಕಾಯ್ತಿರ್ತಾಳೆ," ಅಂದರು.

ಅತ್ತಿಗೆ ಆಂಟಿಯ ಮುಖ ನೋಡಿದರು.

"ಹೂವು ಚೆನ್ನಾಗಿದೆಯಂತೆ," ಆಂಟಿ ಇಂಗ್ಲಿಷಿನಲ್ಲಿ ಹೇಳಿದರು. "ನಿಮಗೆ ದಣಿವಾಗಿದೆ, ಕೂತುಕೊಳ್ಳಿ ಅಂತಿದ್ದಾನೆ."

ಎಷ್ಟು ಸಲೀಸಾಗಿ ಹೇಳಿದರೆಂದರೆ, ಒಂದು ಕ್ಷಣ ನಾನೇ ತಪ್ಪಾಗಿ ಕೇಳಿಸಿಕೊಂಡೆನೋ ಅನ್ನಿಸಿತು. ಅತ್ತಿಗೆಯ ಕಣ್ಣು ಅಲ್ಲಿಂದ ನನ್ನ ಕಡೆಗೆ ಹೊರಳಿತು. ನಾನು ತಟ್ಟೆ ನೋಡುತ್ತಾ ತಲೆ ತಗ್ಗಿಸಿದೆ. ಆಕೆ ಅದನ್ನು ನೋಡಿದರು.

ತಟ್ಟೆ ತೊಳೆಯಲು ಅಡುಗೆಮನೆಗೆ ಹೋದಾಗ ಆಕೆ ನನ್ನ ಹಿಂದೆಯೇ ಬಂದು ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿದರು. ನಿಧಾನವಾದ, ಒಂದೊಂದೇ ಪದದ ಇಂಗ್ಲಿಷು.

"ಅವಳು ಹೇಳುವುದೆಲ್ಲ ನಿಜವೇ?"

"ಅವರು ಹೆಚ್ಚಾಗಿ ಊಟದ ಬಗ್ಗೆಯೇ ಮಾತಾಡುತ್ತಾರೆ," ಅಂದೆ. ಅದು ಸುಳ್ಳಲ್ಲ.

"ನನ್ನ ಬಗ್ಗೆ?"

ನಲ್ಲಿಯ ನೀರು ಹರಿಯುತ್ತಿತ್ತು. "ನೀವು ಮಾಡಿದ್ದು ಅವರಿಗೆ ಇಷ್ಟ."

ಆಕೆ ಕೈ ಚಾಚಿ ನಲ್ಲಿ ನಿಲ್ಲಿಸಿ, "ನೀನೂ ಅವಳ ಭಾಷೆಯವಳೇ," ಎಂದು ಹೇಳಿ ಹೊರಗೆ ಹೋದರು. ಅಷ್ಟು ವರ್ಷ ಜೊತೆಗೆ ಬಾಳಿದ ಗಂಡ ಏನನ್ನುತ್ತಾನೆ ಎಂದು ತಿಳಿಯಲು ನಮ್ಮಿಬ್ಬರ ಮುಖ ಓದಬೇಕಿತ್ತು ಆಕೆ. ಆ ಮುಖಗಳನ್ನು ನಂಬಲೂ ಆಗುತ್ತಿರಲಿಲ್ಲ, ಬಿಡಲೂ ಆಗುತ್ತಿರಲಿಲ್ಲ.

ಅಂದು ಸಂಜೆ ಕಡಲ ದಂಡೆಯ ಕುರ್ಚಿಗಳಲ್ಲಿ ಕೂತೆವು. ಇನ್ನೂ ಬೆಳಕಿತ್ತು. ಮಕ್ಕಳು ಕಲ್ಲುಗಳನ್ನು ನೀರಿಗೆ ಎಸೆಯುತ್ತಿದ್ದರು.

"ನಿನ್ನನ್ನ ನನ್ನ ಮಗಳು ಕಾವಲಿಗೆ ಹಾಕಿದಾಳೆ ಅಂತ ನಂಗೆ ಮೊದಲೇ ಗೊತ್ತು," ಅಂದರು ಆಂಟಿ.

"ಗೊತ್ತಿದ್ದೂ ಯಾಕೆ ಕರ್ಕೊಂಡು ಬಂದ್ರಿ?"

"ನಂಗೂ ವಯಸ್ಸಾಯ್ತಲ್ಲ ಕಣೇ. ನಾನಿಲ್ಲದೇ ಇದ್ರೆ ಅವನ ಹತ್ರ ಕನ್ನಡ ಮಾತಾಡೋರು ಒಬ್ಬರು ಬೇಕು. ನಿಂದು ನಮ್ಮನೆ ಕನ್ನಡ. ಗೋಡೆ ಆ ಕಡೆಯಿಂದ ಕೇಳಿ ಕೇಳಿ ಗೊತ್ತು ನಂಗೆ."

ನಾನು ಅವರ ಮೇಲೆ ಕಣ್ಣಿಟ್ಟಿದ್ದೇನೆ ಎಂದುಕೊಂಡಿದ್ದೆ. ಅವರು ಅದೆಷ್ಟು ಕಾಲದಿಂದ ನನ್ನ ಮೇಲೆ ಕಿವಿ ಇಟ್ಟಿದ್ದರೋ… ಕೋಪ ಬಂತು. ಅವರ ಅತ್ತಿಗೆ ಕೇಳಿದ್ದನ್ನು ಹೇಳಿದೆ. ಹಾಗೆ ಮಾತು ತಿರುಚುವುದು ಸರಿಯಲ್ಲ ಅಂದೆ.

"ಅವನು ಅಂದಿದ್ದನ್ನೆಲ್ಲ ಅಂದ ಹಾಗೇ ಹೇಳಿದ್ರೆ ಅವಳು ಆ ಮನೇಲಿ ಹೇಗೆ ಇರ್ತಾಳೆ?" ಅಂದರು. ಮತ್ತೆ ತಾನೇ, "ಯಾವಾಗಲೂ ಹಾಗೇ ಅನ್ನಲ್ಲ. ಒಂದೊಂದು ದಿನ ಅವಳ ಹೆಸರು ಹಿಡಿದು ಕರೀತಾನೆ. ನಾನು ಕೇಳಿದೀನಿ," ಅಂದರು.

ಅದನ್ನಾದರೂ ನಂಬಬೇಕೆ? ಸುಳ್ಳನ್ನು ಅಷ್ಟು ನಯವಾಗಿ ಆಡಬಲ್ಲವರು ನನಗೆ ಹೇಳಿದ್ದರಲ್ಲಿ ನಿಜವೆಷ್ಟು? ನಾನಿದ್ದ ಉಳಿದ ದಿನಗಳಲ್ಲಿ ಪ್ರತಿ ಮಧ್ಯಾಹ್ನವೂ ಆ ಮನೆಗೆ ಹೋದೆ, ಕಿವಿಯೆಲ್ಲ ಅಣ್ಣನ ಮಾತಿಗೇ. ಸಾರಿನ ಬಗ್ಗೆ ಹೇಳಿದರು, ಅಮ್ಮನ ಬಗ್ಗೆ ಹೇಳಿದರು. ಹೆಂಡತಿಯ ಹೆಸರು ಒಮ್ಮೆಯೂ ಬರಲಿಲ್ಲ. ಬಂದದ್ದು ಇಷ್ಟೇ: ಒಂದು ದಿನ ಕರಿದ ಹೂವನ್ನು ಅಗಿಯುತ್ತಾ, "ಈಯಮ್ಮನ್ನ ಕಳಿಸಬೇಡ ಪುಟ್ಟಿ, ಚೆನ್ನಾಗಿ ಮಾಡ್ತಾಳೆ," ಅಂದರು. ಆಂಟಿ ಅದನ್ನು ಏನೆಂದು ದಾಟಿಸಿದರೋ ಈಗ ನೆನಪಿಲ್ಲ…

ಮಗಳು ಫೋನು ಮಾಡಿದಾಗ, ಅಮ್ಮನನ್ನೇ ಕೇಳು, ಹೇಳುತ್ತಾರೆ ಅಂದೆ. ಥ್ಯಾಂಕ್ಸ್‌ಗಿವಿಂಗಿಗೆ ಅವಳು ಬಂದಾಗ ಆಂಟಿ ಹೇಳಿದರು. ಗೋಡೆಯ ಈಚೆ ನನಗೆ ಮಾತು ಕೇಳಲಿಲ್ಲ, ಮಾತು ನಿಂತದ್ದು ಕೇಳಿತು. ಇನ್ನೂ ಏನೇನು ಮುಚ್ಚಿಟ್ಟಿದ್ದೀಯ ಎಂದು ಮಗಳು ಕೇಳಿದಳಂತೆ. ಅದಕ್ಕೇ ಹೆದರಿ ತಾನು ಇಷ್ಟು ದಿನ ಸುಮ್ಮನಿದ್ದದ್ದು ಅಂದರು ಆಂಟಿ. ಆದರೂ ಮುಂದಿನ ಬೇಸಿಗೆ ಅವಳೇ ಬಂದು ಅಮ್ಮನನ್ನು ಏರ್‌ಪೋರ್ಟಿಗೆ ಬಿಟ್ಟಳು. ಸೂಟ್‌ಕೇಸಿನಲ್ಲಿ ಏನಿದೆ ಎಂದು ತೆಗೆಸಿ ನೋಡಿದಳು, ಆಮೇಲೆ ತಾನೇ ಮುಚ್ಚಿದಳು.

ಮತ್ತೊಂದೆರಡು ಬೇಸಿಗೆ ಆಂಟಿ ಹೋಗಿ ಬಂದರು. ಆಮೇಲೆ ಒಂದು ಏಪ್ರಿಲ್‌ನಲ್ಲಿ, ಮನೆಯ ಮುಂದಿನ ಮರ ಹೂ ಬಿಟ್ಟಿದ್ದಾಗ, ಹೃದಯ ನಿಂತು ಹೋದರು. ಕ್ರಿಯೆಯೆಲ್ಲ ಮುಗಿದ ಮೇಲೆ ಮಗಳು ನನ್ನ ಅಡುಗೆಮನೆಗೆ ಬಂದು ಕೂತಳು. ನೀಸ್‌ಗೆ ವಿಡಿಯೋ ಕಾಲ್ ಮಾಡಬೇಕಿತ್ತು. ಅತ್ತಿಗೆಗೆ ಅವಳು ಆಗಲೇ ತಿಳಿಸಿದ್ದಳು. ಅಣ್ಣನಿಗೆ ಹೇಳುವವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ.

ಪರದೆಯ ಮೇಲೆ ಅವರು ನನ್ನನ್ನು ಅನುಮಾನದಿಂದಲೇ ನೋಡಿದರು. "ನೀನು ಯಾರು? ಪುಟ್ಟಿ ಎಲ್ಲಿ?"

ಸಂತೆಗೆ ಹೋಗಿದ್ದಾರೆ, ಮಲಗಿದ್ದಾರೆ, ಮುಂದಿನ ವಾರ ಬರುತ್ತಾರೆ… ಆಂಟಿಯಾಗಿದ್ದರೆ ಯಾವುದೋ ಒಂದನ್ನು ಥಟ್ಟನೆ ಹೇಳುತ್ತಿದ್ದರು. ಅಣ್ಣನ ಹಿಂದೆ ನಿಂತ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ಆಂಟಿಯ ಮಗಳೂ.

"ಪುಟ್ಟಿ ಹೋದರು," ಅಂದೆ.

ಅವರು ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು. ಆಮೇಲೆ ಕೇಳಿದರು: "ಊಟ ಮಾಡ್ಕೊಂಡು ಹೋದ್ಲಾ?"

ಏನಂದರು ಎಂದು ಇಬ್ಬರೂ ಒಟ್ಟಿಗೇ ಕೇಳಿದರು, ಆ ಕಡೆಯಿಂದ ಹೆಂಡತಿ, ಈ ಕಡೆಯಿಂದ ಮಗಳು. ಅಂದದ್ದನ್ನು ಅಂದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಹೋದರು ಎಂಬುದನ್ನು ಅಣ್ಣ ಯಾವ ಅರ್ಥದಲ್ಲಿ ತೆಗೆದುಕೊಂಡರೆಂದು ನನಗೆ ತಿಳಿದಿರಲಿಲ್ಲ. ಮಗಳು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. "ಮಾಡ್ಕೊಂಡೇ ಹೋದರು," ಎಂದು ನಾನು ಅಣ್ಣನಿಗೆ ಹೇಳಿದೆ. ಅದು ನಿಜ. ಆಂಟಿ ತೀರಿಕೊಂಡ ದಿನ ಬೆಳಿಗ್ಗೆ ಅವರ ಮನೆಯ ಒಗ್ಗರಣೆ ನನಗೆ ಕೇಳಿತ್ತು.

ಈಗ ಗೋಡೆಯ ಆಚೆ ಬೇರೆ ಸಂಸಾರವಿದೆ. ಅವರು ಅಡುಗೆ ಮಾಡುವುದೇ ಕಡಿಮೆ. ಭಾನುವಾರ ಬೆಳಿಗ್ಗೆ ನಾನು ನೀಸ್‌ಗೆ ಕಾಲ್ ಮಾಡುತ್ತೇನೆ. ಅಣ್ಣನ ಮಾತು ಕಡಿಮೆಯಾಗಿದೆ, ಹೆಚ್ಚಾಗಿ ನಾನೇ ಮಾತಾಡುವುದು: ಇಲ್ಲಿಯ ಚಳಿ, ಮಗನ ಪರೀಕ್ಷೆ, ಆ ದಿನದ ಅಡುಗೆ. ಮುಗಿಸಿದ ಮೇಲೆ ಅವರ ಹೆಂಡತಿ, ನೀನು ಏನು ಹೇಳಿದೆ ಎಂದು ಕೇಳುತ್ತಾರೆ, ಹೇಳುತ್ತೇನೆ. ಕೆಲವು ಸಲ ತಲೆಯಾಡಿಸುತ್ತಾರೆ, ಕೆಲವು ಸಲ ಸುಮ್ಮನೆ ನೋಡುತ್ತಾರೆ. ಅಣ್ಣ ಒಂದೊಂದು ದಿನ ಮಧ್ಯದಲ್ಲೇ ಕೈ ಎತ್ತಿ ನನ್ನನ್ನು ತಡೆಯುತ್ತಾರೆ. "ಸಾಕು, ಪುಟ್ಟಿಗೆ ಕೊಡು," ಅನ್ನುತ್ತಾರೆ. ನಾನು ಫೋನು ಹಿಡಿದುಕೊಂಡು ಹಾಗೆಯೇ ಕೂತಿರುತ್ತೇನೆ.