ಎಲೆ ಕೊಡದೆ ಕೇಳಿದ ಓಟು

ಇದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಹೊಳಲ್ಕೆರೆ ಪೇಟೆಯಲ್ಲಿ ಅವರದು ಬೆಲ್ಲದ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಮೈಸೂರಿಗೆ ಕಳಿಸಿ ಬಿ.ಎ. ಓದಿಸಿದವರು. ಅಪ್ಪನ ಕಡೆ ನನಗಿಂತ ಮುಂಚೆ ರುಜು ಹಾಕಲು ಬಲ್ಲವರೂ ಇರಲಿಲ್ಲ.

ತಾಲ್ಲೂಕು ಬೋರ್ಡಿಗೆ ನಿಲ್ಲುತ್ತೇನೆ, ಆದರೆ ಯಾರಿಗೂ ವೀಳ್ಯ ಕೊಡುವುದಿಲ್ಲ ಎಂದೆ. ನಮ್ಮ ಕಡೆ ಎಲೆಅಡಿಕೆ ಮುಟ್ಟಿದರೆ ಮಾತು ಕೊಟ್ಟಂತೆ. ಆಮೇಲೆ ಮನಸ್ಸು ಬದಲಾದರೂ ಓಟು ಬದಲಾಗುವುದಿಲ್ಲ.

"ಎಲೆ ಇಲ್ದೆ ಹೆಣ್ಣೂ ಕೇಳಾಕಾಗಲ್ಲ, ಓಟು ಕೇಳ್ತೀಯೇನಪ್ಪ?" ಎಂದು ಮಾವ ನಕ್ಕರು. ಆಮೇಲೆ ದನಿ ತಗ್ಗಿಸಿ, "ಎದುರಿಗೆ ನಿಂತಿರೋ ಸಾಹುಕಾರ್ರು ಹೋದ ವಾರಾನೇ ಬಂದಿದ್ರು. ಅವರ ಎಲೆ ಮುಟ್ಬಿಟ್ಟೀನಿ" ಎಂದರು.

"ಹಂಗಾದ್ರೆ ಅವರಿಗೇ ಹಾಕ್ರಿ ಮಾವ" ಎಂದೆ. ಹೇಳಿದ್ದು ಸುಲಭ. ಅವತ್ತು ಊಟ ಸೇರಲಿಲ್ಲ.

ಓಟು ಕೇಳಲು ತಾಳ್ಯದ ಕಡೆಯ ಹಳ್ಳಿಗಳ ದಾರಿ ಹಿಡಿದಾಗ ಜೊತೆಗೆ ಯಾರೂ ಇರಲಿಲ್ಲ. ಸ್ವಂತ ಮಾವನೇ ಆ ಕಡೆ ಎಂದ ಮೇಲೆ ಬೇರೆಯವರು ಯಾಕೆ ಬಂದಾರು? ಮೊದಲ ಮನೆಯ ಅಜ್ಜಿ ನನ್ನ ಬರಿಗೈ ನೋಡಿ, ಮೊರ ಕೆಳಗಿಟ್ಟು, "ಯಾರು ಹೋದ್ರಪ್ಪ?" ಎಂದಳು. ಎಲೆಯಿಲ್ಲದೆ ಮನೆಮನೆ ಹತ್ತುವವನು ಸಾವಿನ ಸುದ್ದಿ ತಂದವನು ಎಂಬುದು ಬಿ.ಎ. ಓದಿದ ನನಗೆ ಮರೆತೇ ಹೋಗಿತ್ತು. ನಾನು ಮರ್ಯಾದೆ ಎಂದುಕೊಂಡದ್ದು ಅವರಿಗೆ ಅಮಂಗಳ. ಮೂರು ದಿನ ಇದೇ ಆಯಿತು. ಯಾರೂ ಕುಂತ್ಕಳ್ರಿ ಎನ್ನಲಿಲ್ಲ. ಹೊಂಗೆ ಮರದಡಿ ಒಬ್ಬನೇ ರೊಟ್ಟಿ ತಿನ್ನುವಾಗ, ವಾಪಸು ಹೋದರೆ ಕೇಳುವವರಾದರೂ ಯಾರು ಅನ್ನಿಸುತ್ತಿತ್ತು.

ನಾಲ್ಕನೆಯ ದಿನ ಒಬ್ಬ ಮುದಿ ಗೌಡರು ತಮ್ಮ ಜಗಲಿಯಿಂದಲೇ, "ಲೇ, ಎಲೆ ತರಾಕೆ ಗತಿ ಇಲ್ವೋ, ಸೊಕ್ಕೋ?" ಎಂದರು.

"ನೀವೇ ನಂಗೊಂದು ಎಲೆ ಕೊಡ್ರಿ ಗೌಡ್ರೆ" ಎಂದೆ. "ಮಾತಿಗೆ ಕಟ್ಟುಬೀಳೋನು ನಾನು. ನೀವು ಯಾರಿಗಾದ್ರೂ ಹಾಕ್ರಿ. ಗೆದ್ರೆ ಏನು ಮಾಡ್ಲಿ, ಅದು ಹೇಳ್ರಿ."

ಗೌಡರು ಜಗಲಿಯಿಂದ ಎದ್ದರು. ಒಳಗೆ ಹೋಗಿ ಎಲೆ ತಂದು ಕೊಟ್ಟು, "ಕೆಳಗಿನ ಕೇರಿಯೋರು ಹಳ್ಳದ ನೀರು ಕುಡೀತಾರೆ. ಒಂದು ಬಾವಿ ತೋಡ್ಸು" ಎಂದರು.

ಅಲ್ಲಿಂದ ಮುಂದೆ ಮನೆಮನೆಯಲ್ಲೂ ಎಲೆ ಬೇಡಿದೆ. ಕೊಟ್ಟವರೂ ಇದ್ದರು, ಬಾಗಿಲು ಹಾಕಿಕೊಂಡವರೂ ಇದ್ದರು. ಎಲೆಯ ಸುದ್ದಿ, ಬಾವಿಯ ಸುದ್ದಿ ಪೇಟೆಗೂ ಮುಟ್ಟಿತು. ಸಾಹುಕಾರರ ಹುಳುಕು ಹೇಳು ಎಂದವರಿಗೆ, ಅವರು ಒಳ್ಳೆಯವರು ಎಂದೆ. ಅದು ನಿಜವೂ ಆಗಿತ್ತು.

ಎಣಿಕೆ ಮುಗಿದು ಅಮಲ್ದಾರರು ನಾನು ಗೆದ್ದೆನೆಂದು ಮೊಹರು ಹಾಕಿದ ಪತ್ರವನ್ನು ನನ್ನ ಕೈಗೆ ಕೊಟ್ಟಾಗ, ಕಚೇರಿ ಮುಂದಿನ ಜನವೆಲ್ಲ ಎಲೆಯ ಋಣಕ್ಕೆ ಸೋತ ಸಾಹುಕಾರರ ಗಾಡಿಯ ಹಿಂದೆ ಹೋಗಿಯಾಗಿತ್ತು. ನನಗೆ ಹಾಕಿದವರು ಯಾರೋ ನನಗೆ ತಿಳಿಯದು; ಹೇಳಿಕೊಳ್ಳಲು ಅವರೂ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಮಾವ ಒಬ್ಬರೇ ಕೂತಿದ್ದರು. ಪತ್ರವನ್ನು ಎರಡು ಸಲ ಓದಿ ಮಡಿಚಿಕೊಟ್ಟರು. ಎಲೆಚೀಲ ಬಿಚ್ಚಿ, ಚಿಗುರೆಲೆಯೊಂದನ್ನು ಆರಿಸಿ ನನ್ನ ಮುಂದೆ ಹಿಡಿದರು.

"ಓಟು ಅವರಿಗೇ ಹಾಕ್ದೆ ಕಣಪ್ಪ. ಇದು ಬ್ಯಾರೆ, ತಗಾ. ಆ ಬಾವಿ ಮರೀಬ್ಯಾಡ."